ಉಸ್ತಾದರ ತುಟಿಯ ಕಾಡಿಗೆ

ನನಗೆ ಕೆಲಸ ಕಲಿಸಿದ ಉಸ್ತಾದರ ಕೆಳತುಟಿಯ ಮೇಲೆ ಯಾವಾಗಲೂ ಒಂದು ಕಪ್ಪು ಗೆರೆ. ಬೀಡಿಯ ಕಲೆಯೆಂದು ಮೊದಲು ನಾನೂ ಮೂಗು ಮುರಿದಿದ್ದೆ. ಅದು ಕಾಡಿಗೆ. ಭಟ್ಕಳದಿಂದ ಅವರ ಹೆಂಡತಿ ಡಬ್ಬಿ ತುಂಬಿ ಕಳಿಸುತ್ತಿದ್ದ ಮನೆಯ ಕಾಡಿಗೆ.

ಗಲ್ಫಿನ ಬನಿಯಾಸ್‌ನ ಸಣ್ಣ ವರ್ಕ್‌ಶಾಪಿನಲ್ಲಿ, ಅರಬರು ಮದುವೆಯ ಕುಣಿತಕ್ಕೆ ಹಿಡಿಯುವ ಅಜ್ಜಂದಿರ ಕಾಲದ ಕೋವಿಗಳಿಗೆ, ನಾವಿಬ್ಬರು ಮುರಿದ ಭಾಗಗಳ ನಕಲು ಮಾಡುತ್ತಿದ್ದೆವು. ಲೇತ್ ನನ್ನದು, ಲೋಹ ತೇಯುವ ಅರ ಅವರದು. ಹೊಸ ತುಂಡಿಗೆ ಕಾಡಿಗೆ ಬಳಿದು ಕೋವಿಗೆ ಕೂರಿಸಿ ತೆಗೆದರೆ, ಬಿಗಿಯಾಗಿ ತಾಗಿದಲ್ಲಿ ಕಪ್ಪು ಅಳಿದಿರುತ್ತದೆ. ಅಲ್ಲಷ್ಟೇ ಅರ ಆಡಿಸಬೇಕು. ಕೊನೆಗೆ ನುಣುಪು ತಿಳಿಯಲು ಉಸ್ತಾದರು ತುಂಡನ್ನು ತುಟಿಗೆ ತಾಗಿಸಿ ನೋಡುವರು.

"ಬೆರಳು ಜಡ್ಡುಗಟ್ಟಿದೆ ಮಾರಾಯ, ಸುಳ್ಳು ಹೇಳ್ತದೆ. ತುಟಿ ಹೇಳುದಿಲ್ಲ."

ಒಂದು ಬೆಳಿಗ್ಗೆ ಉಸ್ತಾದರು ಎದುರಿಗಿದ್ದ ಚಹಾದ ಲೋಟಕ್ಕೇ ತಡಕಾಡಿದರು. ನಾನು ಲೋಟವನ್ನು ಅವರ ಕೈಗಿಟ್ಟೆ.

"ಕಣ್ಣಿನ ನರ ಸತ್ತಿದೆಯಂತೆ. ಅರ್ಬಾಬಿಗೆ ಹೇಳ್ಬೇಡ. ಮಗಳ ನರ್ಸಿಂಗ್ ಮುಗೀಲಿಕ್ಕೆ ಇನ್ನೊಂದು ವರ್ಷ ಉಂಟು. ಕೆಲಸ ಹೋದ್ರೆ ವೀಸಾ ಹೋಯ್ತು, ಅವಳ ಓದೂ ಹೋಯ್ತು."

ಅಂದಿನಿಂದ ಕಪ್ಪು ಎಲ್ಲಿ ಅಳಿದಿದೆಯೆಂದು ನಾನು ಪಿಸುಗುಡುತ್ತಿದ್ದೆ, ಅವರು ಅರ ಆಡಿಸುತ್ತಿದ್ದರು. ಅರ್ಬಾಬ್, ಅಂದರೆ ನಮ್ಮ ಧಣಿಯ ಕಾರಿನ ಸದ್ದಾದರೆ ಸಾಕು, ಪಿಸುಗುಡುವುದು ನಿಲ್ಲಿಸಿ ಲೇತಿಗೆ ಓಡುತ್ತಿದ್ದೆ.

ಅಲ್ ಐನ್‌ನ ಮುದುಕರೊಬ್ಬರು ತಮ್ಮ ಅಜ್ಜನ ಕೋವಿ ತಂದರು. ಬಿರುಕು ಬಿಟ್ಟ ಟ್ರಿಗರಿನ ಮೇಲೆ ಸಣ್ಣ ಹೂವಿನ ಕೆತ್ತನೆ. ಮೂಲವನ್ನು ನೋಡಿಕೊಂಡು ಹೊಸದು ಮಾಡಬೇಕು, ಮೂಲಕ್ಕೆ ಮಾತ್ರ ಅರ ಮುಟ್ಟಿಸಕೂಡದು. ಎರಡನ್ನೂ ಹೋಲಿಸಿ ನೋಡಲು ಎರಡಕ್ಕೂ ಕಾಡಿಗೆ ಬಳಿದಿದ್ದೆವು. ನಾನು ಲೇತಿನ ಕಡೆ ತಿರುಗಿದ್ದೆ. ಅರದ ಸದ್ದು ನಿಂತಿತು. ಉಸ್ತಾದರು ತುಂಡನ್ನು ತುಟಿಗೆ ಒತ್ತಿಕೊಂಡು ಕಲ್ಲಾಗಿ ಕೂತಿದ್ದರು.

"ತುಕ್ಕಿನ ಗುಳಿ ತಾಗ್ತಾ ಉಂಟು. ಇದು ಹಳೇದಲ್ವಾ?"

ಹೌದು. ಹೂವು ಪುಡಿಯಾಗಿ ಮೇಜಿನ ಮೇಲೆ ಬಿದ್ದಿತ್ತು. ಅಯ್ಯೋ ದೇವರೇ, ಅದನ್ನು ಮತ್ತೆ ಅಂಟಿಸುವಂತಿದ್ದರೆ!

ಧಣಿ ಬಂದಾಗ ನಾನೇ ಮುಂದೆ ನಿಂತು "ನಾನು ಮಾಡಿದ್ದು" ಎಂದೆ. ಉಸ್ತಾದರು ನನ್ನ ತೋಳು ತಡಕಿ ಹಿಂದಕ್ಕೆ ಎಳೆದರು.

"ಸುಮ್ನಿರು ಮಾರಾಯ. ನಂದು ಕಣ್ಣು ಹೋಗಿದೆ, ನಿಂದು ಅನ್ನ ಯಾಕೆ ಹೋಗ್ಬೇಕು?" ಎಂದವರು ಧಣಿಯ ಕಡೆ ತಿರುಗಿ ಎಲ್ಲವನ್ನೂ ಹೇಳಿಬಿಟ್ಟರು.

"ಖಲಾಸ್" ಎಂದ ಧಣಿ. ಅಷ್ಟೇ. ಇಡೀ ಆಯುಷ್ಯ ತೇದವರಿಗೆ ಒಂದೇ ಮಾತು!

ಊರು ಸೇರಿದ ಮೇಲೆ ಅವರು ಹೆಚ್ಚು ಕಾಲ ಬದುಕಲಿಲ್ಲ. ಮಗಳು ಓದು ಬಿಟ್ಟು ಬಟ್ಟೆ ಅಂಗಡಿಗೆ ಸೇರಿದಳಂತೆ. ಉಸ್ತಾದರು ಹೊರಡುವಾಗ ನನ್ನ ಕೈಗಿಟ್ಟ ಕಾಡಿಗೆಯ ಡಬ್ಬಿಯಿಂದ ಉಗುರಿನಷ್ಟೇ ತೆಗೆದು ಬಳಸುತ್ತೇನೆ. ತುಟಿಗೆ ತಾಗಿಸದೆ ಒಂದು ತುಂಡನ್ನೂ ಕೊಡುವುದಿಲ್ಲ.

ಮೊನ್ನೆ ವಿಡಿಯೋ ಕಾಲಿನಲ್ಲಿ ನನ್ನ ಹೆಂಡತಿ, "ಎಂತ, ತುಟಿ ಕಪ್ಪಾಗಿದೆ? ಬೀಡಿ ಶುರು ಮಾಡಿದ್ರಾ?" ಎಂದಳು. ಇಲ್ಲವೆಂದೆ. ಒರೆಸಿಕೊಳ್ಳಲು ಮಾತ್ರ ಮನಸ್ಸಾಗಲಿಲ್ಲ.