ಆರನೆಯ ಮೆಟ್ಟಿಲು ಮತ್ತು ನನ್ನ ಆಡುಗಳು

ಬಾರ್ಬ್ರೊ ನಮ್ಮ ಮನೆಗೆ ಬಂದರೆ ಕಾಫಿ ಕುಡಿಯುವ ಮೊದಲು ಗೋಡೆ ಬಡಿಯುತ್ತಾಳೆ. ಬೆರಳು ಮಡಚಿ ಹಲಗೆಯ ಮೇಲೆ ಟಕ್ ಟಕ್ ಎನ್ನಿಸಿ, ಕಿವಿಯಿಟ್ಟು ಕೇಳಿ, "ಗುನ್ವೋರ್, ಈ ಹಲಗೆ ಹಾಡ್ತಾ ಇದೆ ಕಣೇ. ಇಲ್ಲಿ ಸುಮ್ನೆ ಗಾಳಿ ತಡೀತಾ ಕೂತಿದೆ" ಎನ್ನುತ್ತಾಳೆ. ಹಾಗೆ ಹಾಡಿದ ತಪ್ಪಿಗೆ ನನ್ನ ಹುಲ್ಲಟ್ಟದ ಮೂರು ಹಲಗೆ, ಅತ್ತೆಯ ಮಂಚದ ತಲೆಭಾಗ, ಒಂದು ಒಳ್ಳೆಯ ಹಿಟ್ಟಿನ ಪೆಟ್ಟಿಗೆ ಅವಳ ಪಾಲಾಗಿವೆ. ಎಲ್ಲವೂ ಈಗ ನಮ್ಮ ವಾಲ್ಡ್ರೆಸ್ ಕಣಿವೆಯ ಯಾರ್ಯಾರದೋ ಮೇಜಿನ ಮೇಲೆ ಲಾಂಗೆಲೈಕ್ ಆಗಿ ಮಲಗಿವೆ.

ಲಾಂಗೆಲೈಕ್ ತೋಳುದ್ದದ ಸಪೂರ ಪೆಟ್ಟಿಗೆ. ಒಂದು ತಂತಿ ಹಾಡುತ್ತದೆ, ಉಳಿದವು ಶ್ರುತಿ ಹಿಡಿಯುತ್ತವೆ. ಹಾಡುವ ತಂತಿಯ ಕೆಳಗೆ ಮರದ ಪುಟ್ಟ ಮೆಟ್ಟಿಲುಗಳು. ಅವನ್ನು ಎಲ್ಲಿ ಅಂಟಿಸುತ್ತೀರಿ ಎಂಬುದರಲ್ಲೇ ಹಾಡಿನ ಹಣೆಬರಹವಿದೆ.

ಬಾರ್ಬ್ರೊ ಇಪ್ಪತ್ತೆಂಟು ವರ್ಷ ಡೈರಿಯ ಹಾಲಿನ ಲಾರಿ ಓಡಿಸಿದವಳು. ಹಿಮ ಬಿದ್ದು ಪಾದ್ರಿಯೇ ಚರ್ಚಿಗೆ ಬಾರದ ದಿನವೂ ಅವಳ ಲಾರಿ ನಮ್ಮ ಅಂಗಳಕ್ಕೆ ಬಂದಿದೆ. ಹಾಲು ಎಷ್ಟು, ಬಿಸಿ ಎಷ್ಟು ಎಂದು ಮಾಪಕದ ಮುಳ್ಳು ನೋಡಿ ಬರೆದುಕೊಳ್ಳುವುದು ಅವಳ ಕೆಲಸವಾಗಿತ್ತು. ಮುಳ್ಳು ಹೇಳಿದ್ದೇ ಸತ್ಯ. ನನ್ನ ಅತ್ತೆ ಒಮ್ಮೆ "ಹಾಲು ತಣ್ಣಗಿದೆ, ಬೇಕಾದ್ರೆ ಬೆರಳು ಅದ್ದಿ ನೋಡು" ಎಂದದ್ದಕ್ಕೆ, "ನಿಮ್ಮ ಬೆರಳಿಗೆ ಸರ್ಕಾರದ ಮುದ್ರೆ ಇದ್ಯಾ?" ಎಂದು ಕೇಳಿ ಅರ್ಧ ವರ್ಷ ಅತ್ತೆಯ ಮಾತು ಕಳೆದುಕೊಂಡಿದ್ದಳು.

ಲಾರಿ ಬಿಟ್ಟ ಮೇಲೆ ಉಳಿ ಹಿಡಿದಳು. ಕೈ ಒಳ್ಳೆಯದು, ಕಿವಿ ಇನ್ನೂ ಒಳ್ಳೆಯದು. ಆದರೆ ಹೋದ ಚಳಿಗಾಲದಲ್ಲಿ ಯಾರೋ ಅವಳಿಗೆ ಸ್ವರ ಅಳೆಯುವ ಒಂದು ಯಂತ್ರ ಕೊಟ್ಟರು. ಅದರಲ್ಲೂ ಒಂದು ಮುಳ್ಳು! ತವರಿನಿಂದ ಕಾಗದ ಬಂದಷ್ಟು ಸಂತೋಷ ಅವಳಿಗೆ.

ಆಗಲೇ ನಮ್ಮೂರಿನ ಆಂದ್ರಿಸಜ್ಜ ತನ್ನ ತಾಯಿಯ ಲಾಂಗೆಲೈಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ತಂದ. ಅದರ ಹೊಟ್ಟೆಯ ಹಲಗೆ ಬಿರುಕು ಬಿಟ್ಟಿತ್ತು. ಪ್ರತಿವರ್ಷ ನಡುಬೇಸಿಗೆಯ ಸಂತ ಹಾನ್ಸನ ಹಬ್ಬಕ್ಕೆ ನನ್ನ ಆಡುಗಳು ಬೆಟ್ಟದ ಮೇಲಿನ ಬೇಸಿಗೆ ಕೊಟ್ಟಿಗೆಗೆ ಹೋಗುವಾಗ ಅಜ್ಜ ಅಲ್ಲಿ ಕುಳಿತು ತಾಯಿಯ ಹಾಡು ಬಾರಿಸುತ್ತಾನೆ. ಅವಳದೊಂದು ಚಿತ್ರವೂ ಮನೆಯಲ್ಲಿಲ್ಲ. ಇರುವುದು ಆ ಪೆಟ್ಟಿಗೆ, ಆ ಹಾಡು.

ಬಾರ್ಬ್ರೊ ಬಿರುಕು ಮುಚ್ಚಿದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಯಂತ್ರ ಹಚ್ಚಿ ನೋಡಿದರೆ ಆರನೆಯ ಮೆಟ್ಟಿಲು ಬಾರ್ಲಿ ಕಾಳಿನಷ್ಟು ಆಚೆಗಿದೆ! ಪಾಪ, ಮುದುಕ ಇಷ್ಟು ವರ್ಷ ಅಪಸ್ವರ ಬಾರಿಸುತ್ತಿದ್ದಾನೆ ಎಂದುಕೊಂಡು, ಅದನ್ನು ಕಿತ್ತು, ಹಳೆಯ ಅಂಟಿನ ಗುರುತನ್ನೆಲ್ಲ ಉಜ್ಜಿ, ಎಣ್ಣೆ ಹಚ್ಚಿ, 'ಸರಿಯಾದ' ಜಾಗದಲ್ಲಿ ಕೂರಿಸಿದಳು. ಯಾರೂ ಕೇಳದ ಉಪಕಾರ.

ಹಬ್ಬಕ್ಕೆ ಮೂರು ದಿನವಿರುವಾಗ ಅಜ್ಜ ಬಾರ್ಬ್ರೊಳ ಮನೆಗೆ ಬಂದ. ನಾನೂ ಆಡಿನ ಹಾಲಿನ ಕಂದು ಗಿಣ್ಣು ಹಿಡಿದುಕೊಂಡು ಅಲ್ಲೇ ಇದ್ದೆ. ಕೊಂಬಿನ ಕಡ್ಡಿಯಿಂದ ತಂತಿ ಮೀಟಿದ. ಮತ್ತೊಮ್ಮೆ ಮೀಟಿದ. ಮೂರನೆಯ ಸಲ ನಡುವೆಯೇ ನಿಲ್ಲಿಸಿ, ಅಂಗೈಯನ್ನು ತಂತಿಗಳ ಮೇಲೆ ಇಟ್ಟ.

"ಬಾರ್ಬ್ರೊ, ಇದ್ರಲ್ಲಿ ಒಂದೂ ತಪ್ಪಿಲ್ಲ ಮಗಾ," ಎಂದ. "ಅಮ್ಮ ಮಾತ್ರ ಇಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಮರುದಿನ ಅವಳು ಕಾಫಿಗೆ ಬರಲಿಲ್ಲ. ನಾನೇ ಹೋದೆ. ಭೂತಗನ್ನಡಿ ಹಿಡಿದು ಹಲಗೆಯ ಮೇಲೆ ಹಳೆಯ ಗುರುತು ಹುಡುಕುತ್ತಿದ್ದಳು. ಮೂಗು ಕೆಂಪಗಿತ್ತು.

"ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು," ಎಂದೆ. ನನ್ನ ನಾಲಿಗೆಯೇ ಹಾಗೆ.

"ಬೈಯೇ, ಇನ್ನೂ ಬೈಯಿ. ಒಬ್ಬರ ಅಮ್ಮನ್ನ ಉಪ್ಪುಕಾಗದ ಹಾಕಿ ಉಜ್ಜಿಬಿಟ್ಟೆ ನಾನು," ಎಂದು ಅತ್ತೇಬಿಟ್ಟಳು. ಲಾರಿ ಕಂದಕಕ್ಕೆ ಜಾರಿದಾಗಲೂ ಅಳದವಳು. ನಾನು ಕಾಫಿಗೆ ನೀರಿಟ್ಟೆ.

ಮೂಗು ಒರೆಸಿಕೊಂಡು ಅವಳೇ ಕೇಳಿದಳು, "ಅಜ್ಜನ ತಾಯಿ ನಿಮ್ಮ ಕೊಟ್ಟಿಗೆಲೇ ಅಲ್ವಾ ಆಡು ಕಾಯ್ತಿದ್ದಿದ್ದು? ಅವಳು ಆಡು ಕರೀತಿದ್ದ ಕೂಗು ಯಾರಿಗಾದ್ರೂ ಬರತ್ತಾ? ಬಾಯಲ್ಲಿ ಆ ಸ್ವರ ಹೇಗಿತ್ತೋ ಮೆಟ್ಟಿಲೂ ಹಾಗೇ ಇಟ್ಟಿರ್ತಾಳೆ."

ನನಗಂತೂ ಬರದು. ನಾನು ಆಡು ಕರೆಯಲು ಉಪ್ಪಿನ ಡಬ್ಬಿ ಅಲ್ಲಾಡಿಸುವವಳು. ಬರುವುದಿದ್ದರೆ ತಾಯಿಯ ಜೊತೆ ಬೆಟ್ಟದಲ್ಲೇ ಬೆಳೆದ ಅಜ್ಜನಿಗೇ ಬರಬೇಕು. ಇಬ್ಬರೂ ಅವನ ಮನೆಗೆ ಹೋಗಿ ಕೇಳಿದೆವು.

"ಥೂ! ಆಡು ಕರೆಯೋದು ಹೆಂಗಸ್ರ ಕೆಲ್ಸ. ಗಂಡಸು ಕೂಗಿದ್ರೆ ಊರೆಲ್ಲ ನಗತ್ತೆ," ಎಂದ ಅಜ್ಜ.

"ನಗೋಕೆ ಊರಲ್ಲಿ ಯಾರಿದಾರೆ ಅಜ್ಜ, ನಾವಿಬ್ರೇ," ಎಂದೆ.

"ನೀನೊಬ್ಳೇ ಸಾಕು."

ಬಾರ್ಬ್ರೊಳ ಕೋಣೆಯಲ್ಲಿ ಕೂಗಿಸಿ ನೋಡಿದೆವು. ಚರ್ಚಿನಲ್ಲಿ ಕೆಮ್ಮು ಅದುಮಿಕೊಂಡವನಂತೆ ಕೂಗಿದ. ಹಾಗಾಗಿ ನನ್ನ ಕೊಟ್ಟಿಗೆಯ ಹಿಂದೆ, ಇಳಿಜಾರಿನ ಎದುರು ನಿಲ್ಲಿಸಿದೆವು. ಬಾರ್ಬ್ರೊ ಲಾಂಗೆಲೈಕನ್ನು ಬೆಂಚಿನ ಮೇಲಿಟ್ಟು, ಮೆಟ್ಟಿಲನ್ನು ಬಿಡಿಸಿಕೊಂಡು ಕುಳಿತಳು. ನಾವಿಬ್ಬರೂ ಅಜ್ಜನಿಗೆ ಬೆನ್ನು ಹಾಕಿದೆವು. ಅದು ಅವನ ಷರತ್ತು.

ಆಮೇಲೆ ಬಂದ ಕೂಗು ಎಂಬತ್ತೇಳರ ಗಂಡಸಿನದಲ್ಲ. ತೆಳ್ಳಗೆ, ಎತ್ತರಕ್ಕೆ ಏರಿ, ಮೇಲಿನಿಂದ ಇಳಿಯುವಾಗ ಎರಡು ಸ್ವರಗಳ ನಡುವೆ ಎಲ್ಲೋ ಒಂದು ಗಳಿಗೆ ಕುಳಿತು ಬಂತು. ನನ್ನ ತೋಳಿನ ಕೂದಲು ಎದ್ದು ನಿಂತವು.

"ಅಲ್ಲೇ, ಅಲ್ಲೇ! ಇನ್ನೊಂದ್ಸಲ!" ಎಂದಳು ಬಾರ್ಬ್ರೊ, ಮೆಟ್ಟಿಲನ್ನು ಸರಿಸುತ್ತಾ.

ಅಷ್ಟರಲ್ಲಿ ನನ್ನ ಮೂವತ್ತೊಂದು ಆಡುಗಳೂ ಗಂಟೆ ಬಡಿದುಕೊಂಡು ಇಳಿದು ಬಂದವು. ಹನ್ನೊಂದು ಸಲ ಕೂಗಿದ ಅಜ್ಜ. ಇಲ್ಲೇ ಇದ್ದೇವಲ್ಲ, ಇನ್ನೂ ಯಾರನ್ನು ಕರೆಯುತ್ತೀಯ ಎಂಬಂತೆ ಅವು ಅವನ ಮುಖ ನೋಡುತ್ತಿದ್ದವು. ಮುಂದಾಳು ಫ್ಲೆಕ್ಕಾ ಬೆಂಚಿಗೆ ಕಾಲು ಕೊಟ್ಟು, ಸ್ವರ ಅಳೆಯುವ ಯಂತ್ರದ ಪಟ್ಟಿಯನ್ನು ಅಗಿಯತೊಡಗಿತು. ಬಾರ್ಬ್ರೊ ನೋಡಿದಳು, ಬಿಡಿಸಲಿಲ್ಲ.

ಅಂಟಿಸುವ ಮೊದಲು ಮೆಟ್ಟಿಲು ಕೂರುವ ಜಾಗದಲ್ಲಿ ಪೆನ್ಸಿಲಿನಿಂದ ಬರೆದಳು: 'ಇದು ತಪ್ಪಲ್ಲ. ಸರಿಮಾಡಬೇಡಿ.'

"ಮೆಟ್ಟಿಲು ಕಿತ್ತ ಮೇಲೆ ತಾನೇ ಅದನ್ನ ಓದೋದು?" ಎಂದೆ.

"ಕಿತ್ತೋರು ಓದಿ ನಾಚ್ಕೊಳ್ಳಲಿ. ಎಲ್ಲಿ ವಾಪಸ್ ಇಡ್ಬೇಕು ಅನ್ನೋದಾದ್ರೂ ಗೊತ್ತಾಗತ್ತೆ."

ಹಬ್ಬದ ದಿನ ಬೆಟ್ಟದ ಕೊಟ್ಟಿಗೆಯ ಎದುರು ಅಜ್ಜ ಲಾಂಗೆಲೈಕ್ ಇಟ್ಟುಕೊಂಡು ಕುಳಿತ. ರೊಟ್ಟಿಯ ತಟ್ಟೆ ಹಿಡಿದ ಬಾರ್ಬ್ರೊ ಅದನ್ನು ಕೆಳಗಿಡಲು ಮರೆತು ನಿಂತೇ ಇದ್ದಳು. ಹಾಡು ಹತ್ತಿತು, ಇಳಿಯಿತು. ಅಜ್ಜನ ಬೆರಳು ನೋಡದೆಯೇ ಆರನೆಯ ಮೆಟ್ಟಿಲಿಗೆ ಹೋಯಿತು. ಕೈ ನಿಲ್ಲಲಿಲ್ಲ.

"ಬಂದ್ಲು," ಎಂದ, ಬಾರಿಸುತ್ತಲೇ.

ಹಾಡು ಮುಗಿದಾಗ ಬಾರ್ಬ್ರೊ ತೋಳಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಬಾರ್ಸಿ ಅಜ್ಜ," ಎಂದಳು. "ಅಳ್ತಾ ಇದ್ದೆ, ನಂಗೆ ಸರಿಯಾಗಿ ಕೇಳಿಸ್ಲಿಲ್ಲ."