ಮಿಂಚುಳ್ಳಿ ಬಿಲದ ಕೆಳಗೆ

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮೊದಲಿನ ಬೇಸಿಗೆ. ನನಗೆ ಹನ್ನೆರಡು ವರ್ಷ, ತಮ್ಮ ಸಂಜೀವನಿಗೆ ಎಂಟು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅಪ್ಪ ಮಂಗಳೂರಿನ ಹೆಂಚಿನ ಕಾರ್ಖಾನೆಗೆ ನೇತ್ರಾವತಿ ದಂಡೆಯ ಆವೆಮಣ್ಣು ಕಡಿದು ದೋಣಿಗೆ ತುಂಬಿಸುತ್ತಿದ್ದರು. ಮಧ್ಯಾಹ್ನ ನಾವಿಬ್ಬರು ಅವರಿಗೆ ಗಂಜಿ ಕೊಂಡುಹೋಗುತ್ತಿದ್ದೆವು.

ಕಡಿದ ದಂಡೆ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಅದರಲ್ಲಿ ಬಿಲ ಕೊರೆದು ಮಿಂಚುಳ್ಳಿಗಳು ಮರಿ ಮಾಡುತ್ತಿದ್ದವು. ನೀಲಿ ಬೆನ್ನು, ಬಿಳಿ ಎದೆ, ಕೆಂಪು ಕೊಕ್ಕು. ಮಣ್ಣು ಕಡಿಯುವವರು ಆ ಜಾಗ ಬಿಟ್ಟೇ ಕಡಿಯುತ್ತಿದ್ದರು. "ಬಿಲ ಇರುವಲ್ಲಿ ಮಣ್ಣು ಒಳಗಿಂದ ಸಡಿಲ. ಕೆಳಗೆ ನಿಲ್ಲಬೇಡ, ತಮ್ಮನಿಗೂ ಹೇಳು" ಎಂದು ಅಪ್ಪ ನನಗೆ ಹೇಳಿದ್ದರು.

ನಾನು ಹೇಳಲಿಲ್ಲ. ನನಗೆ ಆ ನೀಲಿ ಗರಿ ಬೇಕಿತ್ತು. ಒಂದು ದಿನ ಗರಿ ತೆಗೆದುಕೊಡು ಎಂದು ಅವನನ್ನೇ ಬಿಲದ ಕೆಳಗೆ ನಿಲ್ಲಿಸಿದೆ.

"ಒಳಗೆ ಹಾವು ಉಂಟಾ ಅಕ್ಕ?"

"ಎಂತ ಹಾವು? ದೊಡ್ಡ ಗಂಡಸು ಅಂತೆ! ಕೈ ಹಾಕು ಮಾರಾಯ."

ನಾನು ಮಾತ್ರ ದೂರ ನಿಂತೆ. ಸಂಜೀವ ತುದಿಗಾಲಲ್ಲಿ ನಿಂತು ಭುಜದವರೆಗೆ ಕೈ ತೂರಿಸಿದ. ಹಕ್ಕಿ ಕಿರುಚುತ್ತಾ ಅವನ ಮುಖಕ್ಕೆ ತಾಗಿಕೊಂಡೇ ಹಾರಿತು. ಮರುಕ್ಷಣ ದಂಡೆ ಕುಸಿಯಿತು. ಅವನ ಮುಖ ಮಾತ್ರ ಹೊರಗಿತ್ತು. ಕಡಲ ನೀರು ಹೊಳೆಗೆ ಏರುವ ಹೊತ್ತು ಬೇರೆ. ನೀರು ಅವನ ಗಲ್ಲದ ಹತ್ತಿರಕ್ಕೇ ಬರುತ್ತಿತ್ತು.

ನನ್ನ ಬೊಬ್ಬೆ ಕೇಳಿ ಅಪ್ಪ, ದೋಣಿಯವರು ಓಡಿಬಂದರು.

"ಪಿಕ್ಕಾಸು ಬೇಡ, ಕೈಯಲ್ಲೇ ತೆಗೆಯಿರಿ!" ಅಪ್ಪ ಕೂಗಿದರು. ತೆಗೆದಷ್ಟೂ ಮೇಲಿಂದ ಮಣ್ಣು ಬೀಳುತ್ತಿತ್ತು. ಒಮ್ಮೆ ಅವನ ತಲೆಯೂ ಮುಚ್ಚಿಹೋಯಿತು. ಕೊನೆಗೆ ಕಂಕುಳಿಗೆ ಕೈ ಕೊಟ್ಟು ಎಳೆದು ಹಾಕಿದರು. ಕೆಮ್ಮಿದ. ಬದುಕಿದ್ದ.

ಅಪ್ಪ ನನ್ನ ಕಡೆ ತಿರುಗಿದರು. "ನೀನು ಇವನಿಗೆ ಹೇಳಿರಲಿಲ್ಲವಾ?"

"ಹೇಳಿದ್ದೆ. ಅವ ಕೇಳಲಿಲ್ಲ."

ಅಪ್ಪ ಮಣ್ಣುಕೈಯಲ್ಲೇ ಸಂಜೀವನ ಕೆನ್ನೆಗೆ ಬಾರಿಸಿದರು. ಅವನು ಅಳಲಿಲ್ಲ, ಸುಮ್ಮನೆ ನೋಡಿದ. ನನ್ನ ಸುಳ್ಳು ಕೇಳಿಯೂ ನನ್ನನ್ನು ಕಾಪಾಡಿದ ಎಂದೇ ಇಷ್ಟು ಕಾಲ ತಿಳಿದಿದ್ದೆ.

ಮೊನ್ನೆ ಅಪ್ಪನ ತಿಥಿಯ ದಿನ ಊಟ ಮುಗಿಸಿ ಕೂತಿದ್ದಾಗ ಅವನೇ ಆ ಮಾತು ತೆಗೆದ. "ಅಕ್ಕ, ಅವತ್ತು ನನ್ನ ಕಿವಿ ತುಂಬ ಮಣ್ಣು, ಯಾರು ಎಂತ ಹೇಳಿದ್ದೂ ಕೇಳಲಿಲ್ಲ. ಸತ್ತು ಬದುಕಿದವನಿಗೆ ಅಪ್ಪ ಯಾಕೆ ಹೊಡೆದದ್ದು? ನನ್ನನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೇ ಅಂತ ಅವತ್ತಿಂದ ಮನಸ್ಸಲ್ಲಿ ಉಳಿದುಬಿಟ್ಟಿತು."

"ಹೆದರಿಕೆಯಲ್ಲಿ ಇರಬೇಕು" ಎಂದೆ.

ಇದನ್ನು ಬೇರೆಯವರ ಕೈಯಲ್ಲಿ ಬರೆಸಿ ಈ ಪತ್ರಿಕೆಗೆ ಕಳಿಸುತ್ತಿದ್ದೇನೆ, ಇದು ಅವನ ಮನೆಗೆ ಬರುತ್ತದೆ. ಸಂಜೀವಾ, ಅಪ್ಪ ಹೊಡೆದದ್ದು ನನ್ನ ಮಾತು ನಂಬಿ. ಹೊಡೆದ ಮೇಲೆ ಅವರು ದೋಣಿಯ ಹಿಂದೆ ಹೋಗಿ ಅತ್ತದ್ದನ್ನು ನಾನು ನೋಡಿದ್ದೇನೆ.