ಮಲಗಿದ ತಲೆಗೆ ಕಟ್ಟಿದ ಪೇಟ

ಪುರಸೈವಾಕ್ಕಂನ ಓಣಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಬೋರಮ್ಮ ಮಣೆಯ ಮೇಲೆ ಅಲುಗದೆ ಕೂತಿದ್ದಾರೆ. ಪೇಟ ತೊಡುವವರ ತಲೆ ಅಳೆದ ದಾರಕ್ಕೆ ಸರಿಹೊಂದುವಷ್ಟು ಟವೆಲು ಅವರ ತಲೆಗೆ ಸುತ್ತಿ, ಅದರ ಮೇಲೆ ಗಂಡ ಅಂದಾನಿ ಮೈಸೂರು ಪೇಟ ಕಟ್ಟುತ್ತಿದ್ದಾರೆ.

"ಮದ್ವೆ ಆದಾಗಿಂದ ಎಷ್ಟೋ ಬಿರುದು ಈ ತಲೆ ಮ್ಯಾಲೆ ಬಂದು ಹೋದೋ. ಒಂದೂ ನಿಲ್ನಿಲ್ಲ," ಎನ್ನುತ್ತಾರೆ ಬೋರಮ್ಮ.

"ಅಲ್ಲಾಡ್ಬ್ಯಾಡ ಕನಮ್ಮಿ, ನಿರಿಗೆ ಹೋಯ್ತದೆ."

ಕೊಳ್ಳೇಗಾಲದ ಕಡೆಯ ಅಂದಾನಿಗೆ ಹಗಲೆಲ್ಲ ಜವಳಿ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸ. ಈ ತಮಿಳು ಊರಿನ ಕನ್ನಡ ಸಂಘ ಯಾರಿಗೆ ಬಿರುದು ಕೊಟ್ಟರೂ ಪೇಟ ಇವರದೇ. ಮುನ್ನಾದಿನ ಮನೆಗೆ ಹೋಗಿ ದಾರದಲ್ಲಿ ತಲೆ ಅಳೆದು ಬರುತ್ತಾರೆ. ಒಬ್ಬರ ಅಳತೆಗೆ ಕಟ್ಟಿದ್ದನ್ನು ಇನ್ನೊಬ್ಬರಿಗೆ ಇಡುವುದಿಲ್ಲ. ಅದು ಅಪ್ಪ ಹಾಕಿಕೊಟ್ಟ ಪದ್ಧತಿ. ಸಮಾರಂಭದ ಫೋಟೋಗಳಲ್ಲಿ ಅವರ ಎರಡು ಕೈಗಳಷ್ಟೇ ಕಾಣುತ್ತವೆ.

ಇವತ್ತಿನ ಪೇಟ ತಿರುವೊಟ್ಟಿಯೂರಿನ ರಾಮದಾಸರಿಗೆ. ರೈಲ್ವೆಯಲ್ಲಿದ್ದವರು, ಮನೆಯ ಜಗಲಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತ ಮುದುಕರಾದವರು. ನಿನ್ನೆ ಅಳೆಯುವಾಗ, "ಒಂಚೂರು ಸಡಿಲ ಬಿಡಪ್ಪಾ, ಬಿರುದು ಬಂದ್ರೆ ತಲೆ ದಪ್ಪ ಆಗತ್ತಂತೆ," ಎಂದು ನಕ್ಕಿದ್ದರಂತೆ.

ಫೋನು ಬಡಿದುಕೊಳ್ಳುತ್ತದೆ. ಸ್ಪೀಕರಿನಲ್ಲಿ ಸಂಘದ ಕಾರ್ಯದರ್ಶಿ ಶ್ರೀಕಾಂತ್.

"ಅಂದಾನಿ, ರಾಮದಾಸರು ಬೆಳಗಿನ ಜಾವ ಹೋಗ್ಬಿಟ್ರು."

"ಅಯ್ಯಯ್ಯೋ! ಸತ್ತೋರ ಪೇಟ ನನ್ ತಲೆ ಮ್ಯಾಲದಲ್ಲಪ್ಪೋ!" ಬೋರಮ್ಮ ಎದ್ದೇಬಿಡುತ್ತಾರೆ. ಅಂದಾನಿ ಪೇಟವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿಕೊಳ್ಳುತ್ತಾರೆ.

ಫೋನಿನ ದನಿ ನಿಂತಿಲ್ಲ. "ಹಾಲ್ ಬುಕ್ ಆಗಿದೆ, ಅತಿಥಿಗಳು ಹೊರಟಾಯ್ತು. ಬಿರುದು ಪಟ್ಟಿಯಲ್ಲಿ ಮುಂದಿನವರಾದ ಜಯರಾಮ ಅವರಿಗೆ ಕೊಡ್ತೀವಿ. ಅದೇ ಪೇಟ ತಂದ್ಬಿಡಿ."

ಅಂದಾನಿ ಫೋನಿನ ಕಡೆ ಬಾಗುತ್ತಾರೆ. "ಇಷ್ಟು ಬ್ಯಾಗ ತಲೆ ಬದಲಾಯ್ತದಾ ಬುದ್ದಿ?"

ಕಟ್ಟಿ ಮುಗಿದ ಪೇಟ ಅಂದಾನಿಯ ಕೈಯಲ್ಲಿ ತಿರುವೊಟ್ಟಿಯೂರಿಗೇ ಹೋಗುತ್ತದೆ. ರಾಮದಾಸರ ಹೆಂಡತಿ ಅಂಬುಜಾ ಅದನ್ನು ಕಂಡು ಬಾಗಿಲಿನಿಂದ ಸರಿದು ದಾರಿ ಬಿಡುತ್ತಾರೆ. "ಇಡಿ. ಅವರದ್ದೇ ಅಲ್ವಾ."

ಇಟ್ಟರೆ ಕಣ್ಣಿನ ಮೇಲಕ್ಕೆ ಜಾರುತ್ತದೆ. ಕಟ್ಟಿದ್ದು ಕೂತ ತಲೆಗೆ. ಮಲಗಿದ ತಲೆಯ ಹಿಂದೆ ಗಂಟು ಒತ್ತುತ್ತಿದೆ. ಅಂದಾನಿ ಬೆಚ್ಚಿ ನೋಡುತ್ತಾರೆ. ಆಮೇಲೆ ಪೂರ್ತಿ ಬಿಚ್ಚಿ, ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಹಿಂದೆ ಚಪ್ಪಟೆ ಬರುವಂತೆ ಮತ್ತೆ ಕಟ್ಟುತ್ತಾರೆ. ಹಾರ ಹಿಡಿದು ಬಂದ ಶ್ರೀಕಾಂತ್ ಪೇಟ ನೋಡಿ ತಲೆ ತಗ್ಗಿಸುತ್ತಾರೆ.

"ಪೇಟ ಹೊರೋಕೆ ಕತ್ತು ನಿಂತಿರಬೇಕು ಬುದ್ದಿ. ಇನ್ ಮ್ಯಾಲಾದ್ರೂ ಬಿರುದ ವಸಿ ಬ್ಯಾಗ ಕೊಡಿ," ಎನ್ನುತ್ತಾರೆ ಅಂದಾನಿ.

ಮತ್ತೆ ಪೇಟದ ಅಂಚಿಗೆ ಬೆರಳು ತೂರಿಸಿ ನೋಡುತ್ತಾರೆ.

"ಒಂಚೂರು ಸಡಿಲನೇ ಬುಟ್ಟಿವ್ನಿ. ಅವ್ರೇ ಕೇಳಿದ್ರಲ್ಲ."